ವಾರಸುದಾರರಿಲ್ಲದ ವಸ್ತುಗಳ ಕುರಿತು ಒಂದು ಹೊಟ್ಟೆಕಿಚ್ಚಿನ ಅರ್ಜಿ

ರೈಲು ನಿಲ್ದಾಣದ ಭದ್ರತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನಗೆ ನನ್ನ ತಂಗಿಯ ಊರಿನ ರೈಲು ನಿಲ್ದಾಣದ ಮೇಲೆ ಹೊಟ್ಟೆಕಿಚ್ಚು. ಒಡವೆಗೆ, ಬಂಗಲೆಗೆ ಕರುಬುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಬೆಂಚು, ಕಸದ ಡಬ್ಬಿ, ಧ್ವನಿವರ್ಧಕದ ಎರಡು ವಾಕ್ಯಗಳಿಗೆ ಕರುಬುವ ಐವತ್ತೆರಡು ವರ್ಷದ ಹೆಂಗಸನ್ನು ಇದೇ ಮೊದಲು ಕಾಣುತ್ತಿರಬಹುದು. ಆ ಊರು ನನ್ನ ಅಪ್ಪನನ್ನು ನನ್ನಿಂದ ಕಸಿದುಕೊಂಡಿದೆ. ಬರುವ ಭಾನುವಾರ ಅವರು ಶಾಶ್ವತವಾಗಿ ತಂಗಿಯ ಮನೆಗೆ ಹೊರಟಿದ್ದಾರೆ. ಕಾರಣ, ನಿಮ್ಮ ಇಲಾಖೆ ಬರೆದುಕೊಟ್ಟ ಒಂದು ಎಚ್ಚರಿಕೆ ಮತ್ತು ಅದನ್ನು ಸಾರುವ ಒಂದು ದನಿ. ಆ ದನಿ ನನ್ನದು.

"ವಾರಸುದಾರರಿಲ್ಲದ ವಸ್ತು ಕಂಡಲ್ಲಿ ಮುಟ್ಟಬೇಡಿ. ಅನುಮಾನಾಸ್ಪದ ವ್ಯಕ್ತಿಗಳ ಬಗ್ಗೆ ಕೂಡಲೇ ಮಾಹಿತಿ ನೀಡಿ." ಒಂಬತ್ತು ವರ್ಷದ ಹಿಂದೆ, ನಮ್ಮ ನಿಲ್ದಾಣದಲ್ಲಿ ಬಾಂಬು ಸಿಡಿದ ಮೂರನೇ ವಾರ, ಪ್ರಕಟಣೆ ಕೊಠಡಿಯಲ್ಲಿ ಕೂತು ಇದನ್ನು ಓದಿದೆ. ಧ್ವನಿಮುದ್ರಣ ಮಾಡುತ್ತಿದ್ದವರು, "ಇನ್ನೂ ಸ್ವಲ್ಪ ಬಿಗಿಯಾಗಿ ಹೇಳಿ ಮೇಡಂ, ಜನ ಬೆಚ್ಚಿ ಬೀಳ್ಬೇಕು" ಅಂದರು. ಹೇಳಿದೆ. ಮನಸ್ಸಿಟ್ಟೇ ಹೇಳಿದೆ, ಸುಳ್ಳೇಕೆ? ಟಿಕೆಟ್ ಕೌಂಟರಿನ ನನ್ನ ಗೆಳತಿಗೆ ಆ ಸ್ಫೋಟದಲ್ಲಿ ಒಂದು ಕಿವಿಯೇ ಹೋಗಿತ್ತು. ನೀವು ಬೆಂಚುಗಳನ್ನು ಕಿತ್ತಾಗ, ಕಸದ ಡಬ್ಬಿಗಳನ್ನು ಎತ್ತಿಸಿದಾಗ, ಭಲೇ ಅಂದವರಲ್ಲಿ ನಾನೂ ಒಬ್ಬಳು.

ಅಪ್ಪ ದರ್ಜಿ. ಎಪ್ಪತ್ತೊಂಬತ್ತಾದರೂ ಸೂಜಿಗೆ ದಾರ ಪೋಣಿಸಲು ಯಾರನ್ನೂ ಕರೆಯುವುದಿಲ್ಲ, ಆದರೆ ಚೀಲ ಎಲ್ಲಿಟ್ಟೆ ಅನ್ನುವುದು ಅವರಿಗೆ ನೆನಪಿರುವುದಿಲ್ಲ. ಕಳೆದ ವರ್ಷ ನನ್ನ ಸಮವಸ್ತ್ರದ ಕೋಟನ್ನು ಸಡಿಲ ಮಾಡಿ ತೊಡಿಸಿ ನೋಡಲೆಂದು ನಿಲ್ದಾಣಕ್ಕೇ ತಂದರು. ಕೂರಲು ಬೆಂಚಿಲ್ಲ, ಮೂರನೇ ಪ್ಲಾಟ್‌ಫಾರ್ಮಿನ ಕಂಬಕ್ಕೊರಗಿ ನೆಲದ ಮೇಲೆ ಕೂತರು. ನೀರು ಕುಡಿಯಲು ಎದ್ದವರು ಚೀಲ ಮರೆತರು. ಯಾರೋ ಸಜ್ಜನರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಪ್ಲಾಟ್‌ಫಾರ್ಮ್ ಖಾಲಿಯಾಯಿತು, ಬಾಂಬು ನಿಷ್ಕ್ರಿಯಗೊಳಿಸುವ ನಿಮ್ಮ ಯಂತ್ರ ಬಂತು, ಚೀಲ ಛಿದ್ರವಾಯಿತು. ಅಷ್ಟರಲ್ಲಿ "ಅಯ್ಯೋ, ಅದು ನಂದು ಕಣ್ರೀ" ಅನ್ನುತ್ತಾ ಓಡಿಬಂದ ಮುದುಕನನ್ನು ನಿಮ್ಮ ಸಿಬ್ಬಂದಿ ನಾಲ್ಕು ಗಂಟೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿ, "ಇಷ್ಟೊಂದು ದಾರದ ಬಾಬಿನ್ ಯಾಕೆ? ಈ ಕತ್ತರಿ ಯಾಕೆ? ಯಾರನ್ನ ನೋಡೋಕೆ ಬಂದೆ?" ಎಂದು ಕೇಳಿದರು. ಮಗಳ ಹೆಸರು ಹೇಳಿದರೆ ನನ್ನ ಕೆಲಸಕ್ಕೆ ಕುತ್ತು ಬಂದೀತೆಂದು ಅಪ್ಪ ಬಾಯಿ ಬಿಡಲಿಲ್ಲ. ಅದೇ ಹೊತ್ತಿಗೆ ನಾನು ಮೇಲಿನ ಮಹಡಿಯಲ್ಲಿ ಕೂತು, "ಅನಿವಾರ್ಯ ಕಾರಣಗಳಿಂದ ರೈಲುಗಳು ತಡವಾಗಿ ಸಂಚರಿಸಲಿವೆ, ಅಡಚಣೆಗೆ ವಿಷಾದಿಸುತ್ತೇವೆ" ಎಂದು ಜೇನಿನಂಥ ದನಿಯಲ್ಲಿ ಹೇಳುತ್ತಿದ್ದೆ. ಆ ಅನಿವಾರ್ಯ ಕಾರಣ ಯಾರೆಂದು ನನಗೆ ಗೊತ್ತಾಗಿದ್ದು ಸಂಜೆ.

ಇನ್ನು ತಂಗಿಯ ಊರಿಗೆ ಬನ್ನಿ. ಅದು ಗಡಿಯಾಚೆ, ಆರು ಗಂಟೆಯ ಪ್ರಯಾಣ. ಅಲ್ಲೂ ಅದೇ ವರ್ಷ ಬಾಂಬು ಸಿಡಿದಿತ್ತು, ಅಲ್ಲೂ ಜನ ಸತ್ತರು. ಕಳೆದ ಬೇಸಿಗೆಯಲ್ಲಿ ತಂಗಿಯನ್ನು ನೋಡಲು ಹೋದ ಅಪ್ಪ ಅಲ್ಲಿನ ನಿಲ್ದಾಣದಲ್ಲಿಯೂ ಚೀಲ ಮರೆತರು. ಅವರಿಗೆ ಊರಿನ ಭೇದವಿಲ್ಲ. ಅಲ್ಲಿನ ಪ್ರಕಟಣೆ ಹೀಗಿದೆಯಂತೆ: "ನಿಮ್ಮ ಸಾಮಾನು ಜೊತೆಗಿದೆಯೇ? ಅಕ್ಕಪಕ್ಕದವರು ಏನಾದರೂ ಮರೆತಿದ್ದರೆ ನೆನಪಿಸಿ." ಗುಡಿಸುವ ಹೆಂಗಸು ಚೀಲ ಕಂಡು, ದೂರ ನಿಂತು, "ಇದು ಯಾರದ್ರೀ?" ಎಂದು ಕೂಗಿದಳು. ಮೂರು ಸಲ ಕೂಗಿದರೂ ಯಾರೂ ಬರದಿದ್ದರೆ ಅಲ್ಲೂ ಜನರನ್ನು ದೂರ ಕಳಿಸುತ್ತಾರೆ, ಅವರೇನು ಹಾಲುಗಲ್ಲದ ಕೂಸುಗಳಲ್ಲ. ಎರಡನೇ ಸಲಕ್ಕೆ ಅಪ್ಪ ಕೈ ಎತ್ತಿದರು. ತಂಗಿ ಫೋನಿನಲ್ಲಿ ನಗುತ್ತಾ, "ಅಷ್ಟೇ ಅಕ್ಕಾ, ಅವಳ ಏಪ್ರನ್ನಿಗೆ ಗುಂಡಿ ಬೇರೆ ಹಾಕ್ಕೊಟ್ಟು ಬಂದ್ರು!" ಅಂದಳು. ನನ್ನ ಹೊಟ್ಟೆಗೆ ಬೆಂಕಿ ಬಿದ್ದಹಾಗಾಯಿತು.

ಅವತ್ತಿನಿಂದ ಯೋಚಿಸುತ್ತಿದ್ದೇನೆ. ಎರಡೂ ನಿಲ್ದಾಣದವರ ಬಳಿ ಇರುವುದು ಅದೇ ಕ್ಯಾಮೆರಾ, ಅದೇ ಯಂತ್ರ. ಹಾಗಾದರೆ ವ್ಯತ್ಯಾಸ ಎಲ್ಲಿ ಬಂತು? ಬಾಂಬಿಟ್ಟವನಿಗೆ ನಿಲ್ದಾಣ ಖಾಲಿಯಾಗುವುದೇ ಬೇಕಿತ್ತು ಎಂದು ಅಲ್ಲಿನವರು ತಿಳಿದರು, ಬೆಂಚುಗಳನ್ನು ಹೆಚ್ಚಿಸಿದರು, ನೋಡುವ ಕಣ್ಣು ಹೆಚ್ಚಾಗಲಿ ಎಂದು. ಜನ ಆರಾಮಾಗಿ ಕೂತಿದ್ದರಿಂದಲೇ ಬಾಂಬು ಬಂತು ಎಂದು ನಾವು ತಿಳಿದೆವು. ಸ್ವಾತಂತ್ರ್ಯವೆಂದರೆ ಮುಚ್ಚದೆ ಬಿಟ್ಟ ಬಾಗಿಲು, ಭದ್ರತೆಯೆಂದರೆ ಅದಕ್ಕೆ ಹಾಕುವ ಚಿಲಕ ಎನ್ನುವುದು ನಮ್ಮ ಲೆಕ್ಕ. ಇದನ್ನು ಕಲಿಸಿದ್ದು ನೀವೊಬ್ಬರೇ ಅಲ್ಲ, ಮಾನ್ಯರೇ. ನಮ್ಮ ಮನೆಗಳಲ್ಲಿ ಪ್ರೀತಿಯೆಂದರೆ ತಡೆಯುವುದು. ಹೋಗಬೇಡ, ಮುಟ್ಟಬೇಡ, ಯಾರನ್ನೂ ನಂಬಬೇಡ ಎಂದವರೇ ನಮ್ಮ ಹಿತೈಷಿಗಳು. ಅಂಥ ಮನೆಗಳಿಂದ ಬಂದ ನಿಮಗೆ ಬೇರೆ ತಂತ್ರ ಹೊಳೆಯುವುದಾದರೂ ಹೇಗೆ?

ನಾನೂ ಅದನ್ನೇ ಮಾಡಿದೆ. ನಮ್ಮ ನಿಲ್ದಾಣದಲ್ಲಿ ಆ ವಿಚಾರಣೆಯಾದ ಮೇಲೆ ಅಪ್ಪನ ಚೀಲಗಳನ್ನೆಲ್ಲ ಅಟ್ಟಕ್ಕೇರಿಸಿದೆ. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಎಂದು ಬಾಗಿಲಲ್ಲೇ ವಿಚಾರಣೆ ಶುರುಮಾಡಿದೆ. ಹೋದ ತಿಂಗಳು ಅವರು ಹೊಲಿಗೆ ಯಂತ್ರದ ಮೇಲೆ ಮುಸುಕು ಹಾಕುತ್ತಾ ಹೇಳಿದರು: "ನೀನು ಸ್ಟೇಷನ್ನಲ್ಲಿ ಕೂಗೋ ಹಾಗೇ ಮನೇಲೂ ಮಾತಾಡ್ತೀಯ ಕಣಮ್ಮಾ. ಚಿಕ್ಕವಳ ಹತ್ರ ಮರೆತ್ರೆ ನಾನು ಮರೆಗುಳಿ, ಅಷ್ಟೇ. ಇಲ್ಲಿ ಮರೆತ್ರೆ ಕಳ್ಳ. ಬೇಜಾರು ಮಾಡ್ಕೋಬೇಡ, ಅಲ್ಲಿಗೇ ಹೋಗ್ತೀನಿ." ತಂಗಿಯನ್ನು ಕಂಡರೆ ನನಗೆ ಎಷ್ಟು ಉರಿಯುತ್ತದೆ ಗೊತ್ತೇ? ಅವಳು ಅಪ್ಪನಿಗೆ ಒಂದು ದಿನ ಔಷಧಿ ಕೊಟ್ಟವಳಲ್ಲ. ಅವಳು ಮಾಡಿದ್ದು ಇಷ್ಟೇ, ಒಳ್ಳೆಯ ನಿಲ್ದಾಣವಿರುವ ಊರಿನಲ್ಲಿ ಮನೆ ಮಾಡಿದ್ದು.

ನನ್ನ ಬೇಡಿಕೆ ಚಿಕ್ಕದು. ಬೆಂಚು ಆಮೇಲೆ ಹಾಕಿಸಿ, ಸಮಿತಿ ಮಾಡಿ, ವರದಿ ತರಿಸಿ, ನಿಮ್ಮ ವೇಗದಲ್ಲೇ ನಡೆಯಿರಿ. ಆದರೆ ಶನಿವಾರದೊಳಗೆ ನನಗೆ ಧ್ವನಿಮುದ್ರಣಕ್ಕೆ ಹತ್ತು ನಿಮಿಷ ಕೊಡಿ. ಆ ಎಚ್ಚರಿಕೆಯನ್ನು ಮನುಷ್ಯರು ಮನುಷ್ಯರಿಗೆ ಹೇಳುವ ಹಾಗೆ ಇನ್ನೊಮ್ಮೆ ಓದುತ್ತೇನೆ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಯ ರೈಲಿಗೆ ಅಪ್ಪ ಒಬ್ಬರೇ ಕಾಯುತ್ತಿರುತ್ತಾರೆ, ನಾನು ಬೀಳ್ಕೊಡಲು ಬರುವುದು ಬೇಡವೆಂದಿದ್ದಾರೆ. ಈ ಊರು ಬಿಡುವ ಮುಂಚೆ ಅವರ ಕಿವಿಗೆ ಬೀಳುವ ಕೊನೆಯ ಮಾತು ನನ್ನದೇ ಆಗಿರುತ್ತದೆ. ಅದು, ಅವರ ಪಕ್ಕದಲ್ಲಿ ನಿಂತವರಿಗೆ, ಈ ಮುದುಕನ ಮೇಲೆ ಕಣ್ಣಿಡಿ ಎಂದು ಹೇಳುವ ಮಾತಾಗದಿರಲಿ.

ಇಂತಿ,
ದಿನವಿಡೀ ನಿಮ್ಮ ಪರವಾಗಿ ಮಾತನಾಡಿ ಸ್ವಂತ ಅಪ್ಪನಿಗೇ ಬೇಡವಾದ,
ನಿಮ್ಮ ನಿಲ್ದಾಣದ ಪ್ರಕಟಣೆಗಾರ್ತಿ