ಇಪ್ಪತ್ಮೂರನೇ ಬಾವಿಯ ಮರಳು

ಕ್ಯಾತ್ಸಂದ್ರ, ತುಮಕೂರು
12-9-2025

ಚಿ. ಮಾನಸಾಳಿಗೆ,

ಅಪ್ಪನ ತುಂಬು ಆಶೀರ್ವಾದ. ನೀನು ಕೇಳಿ ಮೂರು ವಾರವಾಯಿತು, ತಡಮಾಡಿದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾಗದ. ನಿನ್ನಮ್ಮ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಗುಬ್ಬಿಗೆ ಹೋಗಿದ್ದಾಳೆ. ನಾನು ಮಾಡಿದ ಸಾರನ್ನು ನಾನೇ ಉಣ್ಣುವ ಶಿಕ್ಷೆ ನಡೆದಿದೆ.

ನಾನು ದುಡಿದ ಕಂಪನಿಯಲ್ಲೇ ನೀನೂ ಸೇರಿದಾಗ, ಅಸ್ಸಾಮಿನ ಆ ಇಪ್ಪತ್ಮೂರನೇ ಎಣ್ಣೆಬಾವಿಯ ಹಳೆಯ ಲಾಗ್, ಆಳದ ಕಲ್ಲುಗಳ ಆ ಗೆರೆನಕ್ಷೆ, ನಿನ್ನ ಮೇಜಿಗೇ ಬರುತ್ತದೆಂದು ಎಣಿಸಿರಲಿಲ್ಲ. ನೀನು ಕಳಿಸಿದ ನಕ್ಷೆಯನ್ನು ಪ್ರಿಂಟ್ ಹಾಕಿಸಿ ನೋಡಿದೆ. 2003ರಲ್ಲಿ ನಾನು ಜೇಡಿಕಲ್ಲು ಎಂದು ಬರೆದ ಹನ್ನೆರಡು ಮೀಟರ್ ಪದರ ಮರಳುಗಲ್ಲೇ. ನೂರಕ್ಕೆ ಇಪ್ಪತ್ತೆರಡು ಪಾಲು ರಂಧ್ರ, ಅದರಲ್ಲಿ ಮುಕ್ಕಾಲು ಎಣ್ಣೆ. ನಿನ್ನ ಲೆಕ್ಕ ಸರಿಯಾಗಿದೆ. ಜೇಡಿಕಲ್ಲು, ಎಣ್ಣೆ ಸಿಗದು ಎಂಬ ನನ್ನ ಮಾತು ನಂಬಿ ಆ ಬಾವಿಗೆ ಸಿಮೆಂಟ್ ತುಂಬಿ ಮುಚ್ಚಿದರು.

"ಆಗಿನ ಉಪಕರಣ ಸರಿಯಿರ್ಲಿಲ್ಲ ಅಂತ ಬರೆದ್ಬಿಡ್ತೀನಿ ಅಪ್ಪ, ನಿಮ್ಮ ಹೆಸರು ಬೇಡ" ಎಂದೆಯಲ್ಲ. ಆಸೆಯಾಯಿತು ಕಣೇ, ಸುಳ್ಳೇಕೆ ಹೇಳಲಿ.

ಉಪಕರಣಕ್ಕೆ ಏನೂ ಆಗಿರಲಿಲ್ಲ. ಕಲ್ಲಿನ ವಿಕಿರಣ ತೋರಿಸುವ ಗಾಮಾ ಗೆರೆ ಏರಿದರೆ ಜೇಡಿಕಲ್ಲು, ಇಳಿದರೆ ಮರಳುಗಲ್ಲು. ಹದಿನೈದು ವರ್ಷ ಹೀಗೇ ಓದಿ ಹೆಸರು ಮಾಡಿದವನು ನಾನು. ಅಲ್ಲಿ ಗೆರೆ ಏರಿತ್ತು, ನನ್ನ ಓದು ಮುಗಿಯಿತು. ಪಕ್ಕದಲ್ಲೇ ಸಾಂದ್ರತೆಯ ಗೆರೆ, ನ್ಯೂಟ್ರಾನ್ ಗೆರೆ ಎರಡೂ ಬೇರೆ ಮಾತು ಹೇಳುತ್ತಿದ್ದವು. ನಾನು ಅತ್ತ ನೋಡಲಿಲ್ಲ.

ನೋಡಿದವನು ಒಬ್ಬನಿದ್ದ. ಜಯಪ್ರಕಾಶ್ ಅಂತ, ನನ್ನ ಸಹಾಯಕ, ಹುಲಿಯೂರುದುರ್ಗದವನು. ನಮ್ಮ ಕಡೆಯವನೆಂದು ನಾನೇ ಕೇಳಿ ಹಾಕಿಸಿಕೊಂಡಿದ್ದೆ. ಆ ಆಳದಿಂದ ಬಂದ ಕಲ್ಲಿನ ಚೂರುಗಳನ್ನು ಜರಡಿಯಲ್ಲಿ ತೊಳೆದು, ಅಂಗೈಯಲ್ಲಿ ಇಟ್ಟುಕೊಂಡು ಓಡಿ ಬಂದ.

"ಸಾರ್, ಇದು ಮರಳೇ. ಕಾಗೆಬಂಗಾರ ಮಿಂಚ್ತಾ ಅದೆ ನೋಡಿ, ಅದ್ರಿಂದ್ಲೇ ಗಾಮಾ ಏರಿರೋದು. ಒಂದ್ಸಲ ಟೆಸ್ಟ್ ಮಾಡ್ಸಿ ಸಾರ್."

"ಏನ್ಲಾ, ನಂಗೇ ಪಾಠ ಹೇಳ್ಕೊಡ್ತೀಯಾ?" ಎಂದೆ, ಎಲ್ಲರೆದುರು.

ಅಷ್ಟಕ್ಕೇ ಬಿಟ್ಟಿದ್ದರೆ ಅದು ಒಂದು ತಪ್ಪು ಓದು ಅನ್ನಿಸಿಕೊಳ್ಳುತ್ತಿತ್ತು. ಆ ವರ್ಷದ ಗೋಪ್ಯ ವರದಿಯಲ್ಲಿ ಅವನಿಗೆ ಲಾಗ್ ಓದಲು ಬರುವುದಿಲ್ಲ ಎಂದು ಬರೆದೆ. ಕೆಟ್ಟ ಷರಾ ಬರೆದರೆ ನೌಕರನಿಗೆ ತಿಳಿಸಬೇಕೆಂಬ ನಿಯಮದಂತೆ ಅವನಿಗೂ ನಕಲು ಹೋಯಿತು. ಅವನನ್ನು ಉಗ್ರಾಣಕ್ಕೆ ಹಾಕಿದರು. ಆರು ವರ್ಷ ಪೈಪು ಕಾದು, ಕೆಲಸ ಬಿಟ್ಟು ಊರು ಸೇರಿದ. ಈಗ ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನಂತೆ. ಕುಣಿಗಲ್ ಮೇಲೆ ಹೋದರೆ ಎರಡು ಗಂಟೆಯ ದಾರಿ. ನಿವೃತ್ತನಾಗಿ ಹತ್ತು ವರ್ಷವಾಯಿತು, ಒಮ್ಮೆಯೂ ಹೋಗಿಲ್ಲ. ನಿನ್ನಪ್ಪ ಅಷ್ಟು ಹೇಡಿ.

ಆದ್ದರಿಂದ ನನ್ನ ಹೆಸರು ಹಾಕಿಯೇ ಬರೆ. ಆವತ್ತೇ ಸರಿಯಾಗಿ ಓದಿದವನು ಜಯಪ್ರಕಾಶ್ ಎಂದೂ ಬರೆ. ಭಾನುವಾರ ನಾನೇ ಹೋಗಿ ಅವನಿಗೆ ಹೇಳುತ್ತೇನೆ. ಅವನದು ಅವನಿಗೆ ವಾಪಸ್ ಕೊಟ್ಟ ಹಾಗಾಗುತ್ತದೆ. ಬೈದರೆ ಬೈಸಿಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕೈಕೆಳಗಿನವರು ಮಾತಾಡಿದರೆ ಪೂರ್ತಿ ಕೇಳು ಮಗಳೇ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಲಕ್ಷ್ಮೀಕಾಂತ್

ತಾ.ಕ.: ಕಾಗದ ಇನ್ನೂ ಡಬ್ಬಿಗೆ ಹಾಕಿರಲಿಲ್ಲ. ಇವತ್ತು ಸೋಮವಾರ. ನಿನ್ನೆ ಹೋಗಿಬಂದೆ. ಅವನ ತಲೆ ಪೂರಾ ಬೆಳ್ಳಗಾಗಿದೆ. ನನ್ನನ್ನು ಕಂಡು ಎದ್ದು ನಿಂತ. ಅಂಗಡಿಯ ಟೇಬಲ್ ಮೇಲೆ ನಿನ್ನ ನಕ್ಷೆ ಬಿಡಿಸಿ ಎಲ್ಲ ಹೇಳಿದೆ, ಕೈ ಮುಗಿದೆ. ಬೈಯಲಿಲ್ಲ. ನಂಬಲೂ ಇಲ್ಲ. "ನನ್ ಸಮಾಧಾನಕ್ಕೆ ಹೇಳ್ತಿದೀರ ಬುಡಿ ಸಾರ್" ಎಂದ. ಅವನ ಹೆಂಡತಿ ಪ್ರಮೀಳಾ ಒಳಗಿಂದ ಬಂದಳು. "ಇವ್ರು ಸಾಮಾನಿನ ಪಟ್ಟಿ ಬರೆದ್ರೂ ನನ್ ಕೈಲಿ ಇನ್ನೊಂದ್ಸಲ ನೋಡಿಸ್ತಾರೆ. ನನ್ ಕಣ್ಣು ನಂಬೋ ಹಂಗಿಲ್ಲ ಕಣೆ ಅಂತಾರೆ" ಎಂದಳು. ನಾನು ಅವನ ಬೆರಳು ಹಿಡಿದು ಆ ಹನ್ನೆರಡು ಮೀಟರಿನ ಮೇಲಿಟ್ಟು, "ನೀನೇ ಓದು ಜಯಪ್ರಕಾಶ" ಎಂದೆ. ಕೈ ಹಿಂದಕ್ಕೆ ಎಳೆದುಕೊಂಡ.

"ನಂಗೆ ಲಾಗ್ ಓದೋಕ್ ಬರಲ್ಲ ಸಾರ್. ನೀವೇ ಬರೆದಿದ್ರಲ್ಲ."