ಅಪ್ಪ ಟೋಪಿ ತೆಗೆದ ದಿನ

ಮಾರ್ಚ್ 9, 1772. ಸೋಮವಾರ

ಸಾಬೂನು ಕುದಿಸುವುದು ಇನ್ನೂ ಮುಗಿದಿಲ್ಲ. ಕೈಯೆಲ್ಲ ಉರಿ. ಮಧ್ಯಾಹ್ನ, ಲಂಡನ್ನಿನಲ್ಲಿರುವ ರಾಜನ ಅರಣ್ಯಾಧಿಕಾರಿ ಬಂದಿದ್ದ. ಮರ ಕೊಯ್ಯುವ ನಮ್ಮ ಗಿರಣಿಯ ಹಿಂದಿರುವ ದೊಡ್ಡ ಪೈನ್ ಮರಗಳಿಗೆಲ್ಲ ಕೊಡಲಿಯಿಂದ ಬಾಣದ ಗುರುತು ಕೆತ್ತಿ ಹೋದ. ನೆಲ ನಮ್ಮದು. ಮರ ಇನ್ನು ರಾಜನದು — ಅವನ ಹಡಗಿನ ಹಾಯಿಕಂಬಕ್ಕೆ. ಪ್ರಾರ್ಥನಾ ಮಂದಿರದ ಬೆಂಚಿಗೆಂದು ನನ್ನ ಗಂಡ ಜೋಥಮ್ ಕಡಿದಿಟ್ಟಿದ್ದ ದಿಮ್ಮಿಗಳೂ ಜಪ್ತಿ. ಜೋಥಮ್ ಕೂಗಾಡುವವನಲ್ಲ. ಊಟ ಬಿಟ್ಟ.

ಮಾರ್ಚ್ 24

ಅಪ್ಪನ ಕೋರ್ಟಿನಲ್ಲೇ ಜೋಥಮ್‌ನ ವಿಚಾರಣೆ. ಅಪ್ಪ ರಾಜನ ಸೈನ್ಯದಲ್ಲಿದ್ದು ಫ್ರೆಂಚರೊಡನೆ ಕಾದಿದವರು, ಈಗ ರಾಜನ ನ್ಯಾಯಾಧೀಶರು. ಅಳಿಯನೆಂದು ಬಿಡಲಿಲ್ಲ. ದಂಡ ಹಾಕಿದರು.

“ಮಾವ, ನಾನೇನು ಕದ್ದಿದೀನಾ?”

“ಕಾನೂನು ನಾನು ಮಾಡಿದ್ದಲ್ಲಪ್ಪ. ಲಂಡನ್ನಿಂದ ಬಂದದ್ದು.”

“ಅಲ್ಲಿ ನಮ್ಮ ಪರವಾಗಿ ಮಾತಾಡೋರು ಒಬ್ಬರಾದ್ರೂ ಇದಾರಾ?”

ಸಂಜೆ ಅಪ್ಪ ತಾವೇ ಕೂತು ಗವರ್ನರರಿಗೆ ಮನವಿ ಬರೆದರು.

ಆಗಸ್ಟ್ 18, 1774

ಎಷ್ಟು ದಿನವಾಯಿತು ಬರೆದು… ಮನವಿಗೆ ಉತ್ತರ ಬರಲೇ ಇಲ್ಲ. ಬಾಸ್ಟನ್ನಿನವರು ತೆರಿಗೆಯ ಚಹಾವನ್ನು ಸಮುದ್ರಕ್ಕೆ ಸುರಿದರೆಂದು ಲಂಡನ್ ಅವರ ಬಂದರನ್ನೇ ಮುಚ್ಚಿಸಿತು. ನಾವು ಹೆಂಗಸರೂ ಚಹಾ ಬಿಟ್ಟೆವು. ರಾಸ್‌ಬೆರಿ ಎಲೆಯ ಕಷಾಯ. ಬಾಯಿಗಿಡಲಾಗದು, ಆದರೂ ಊರಲ್ಲಿ ಒಬ್ಬಳೂ ಸೋತಿಲ್ಲ.

ಈಗ ಹೊಸ ಕಾನೂನು. ಊರ ಸಭೆಗೆ ಗವರ್ನರರ ಅಪ್ಪಣೆ ಬೇಕು. ನ್ಯಾಯಾಧೀಶರು ಅವರು ಹೇಳಿದಂತೆ ಕೇಳಬೇಕು, ಇಲ್ಲವೇ ಮನೆಗೆ. ಕಮ್ಮಾರ ಝೇಡೋಕ್ ಗಿರಣಿಗೆ ಬಂದು ನಕ್ಕ: “ಸೀನೋಕೆ ಯಾರ ಅಪ್ಪಣೆ ಬೇಕಂತೆ, ಅದನ್ನೂ ಕೇಳ್ಕೊಂಡು ಬಾ, ಜೋಥಮ್!” ಅಪ್ಪಣೆಯಿಲ್ಲದೆಯೇ ಸಭೆ ಸೇರಿತು. ಮುಂದಿನ ಕೋರ್ಟು ನಡೆಯಬಾರದು ಎಂದು ತೀರ್ಮಾನ. ಅಪ್ಪನ ಕೋರ್ಟು.

ಸೆಪ್ಟೆಂಬರ್ 13. ಮಂಗಳವಾರ

ಇಂದಿನದನ್ನು ಬರೆದೇ ತೀರುತ್ತೇನೆ. ಸುತ್ತಲ ಊರುಗಳ ಗಂಡಸರೆಲ್ಲ ಬಂದಿದ್ದರು. ಬಂದೂಕಿಲ್ಲ. ಹೆಂಡದ ಪೀಪಾಯಿಗಳನ್ನು ತಾವೇ ಮುಚ್ಚಿಸಿದ್ದರು. ಕೋರ್ಟಿನ ಬಾಗಿಲಿಂದ ದಾರಿಯುದ್ದಕ್ಕೂ ಎರಡು ಸಾಲು. ನಡುವೆ ನ್ಯಾಯಾಧೀಶರು ಬರಿತಲೆಯಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಡೆಯಬೇಕು. ‘ಈ ಕಾನೂನಿನಡಿ ನಾವು ಕೋರ್ಟು ನಡೆಸುವುದಿಲ್ಲ’ ಎಂದು ಮತ್ತೆ ಮತ್ತೆ ಹೇಳುತ್ತಾ.

ಅಪ್ಪನ ಬಿಳಿ ಕೂದಲು ಗಾಳಿಗೆ ಹಾರುತ್ತಿತ್ತು. ತಗ್ಗಿದ ದನಿಯಲ್ಲಿ ಹೇಳುತ್ತಾ ನಡೆದರು.

“ಜೋರಾಗಿ ಹೇಳಿ, ಸ್ವಾಮಿ! ಈ ಕಡೆ ಕೇಳ್ತಿಲ್ಲ!” — ಝೇಡೋಕ್.

ಸಾಲಿನಲ್ಲಿದ್ದ ಜೋಥಮ್ ತಿರುಗಿದ. “ನನಗೆ ಕೇಳಿಸ್ತು. ಅಷ್ಟು ಸಾಕು.”

ಝೇಡೋಕ್ ತಲೆ ತಗ್ಗಿಸಿದ. ಒಂದು ಕಲ್ಲೂ ಬೀಳಲಿಲ್ಲ, ಒಂದು ಕೈಯೂ ಮೇಲೇಳಲಿಲ್ಲ. ಅಪ್ಪನಿಗಾಗಿ ಕಣ್ಣೀರಿಟ್ಟೆ. ಆ ಜನರನ್ನು ನೋಡಿ ಎದೆಯೂ ಉಬ್ಬಿತು. ಎರಡೂ ನಿಜ.

ಅಕ್ಟೋಬರ್ 10. ಸೋಮವಾರ

ಆ ದಿನದಿಂದ ಅಪ್ಪ ಮನೆಯಿಂದ ಹೊರಬಿದ್ದೇ ಇರಲಿಲ್ಲ. ಇಂದು ಕುಂಬಳದ ಕಡುಬು ಒಯ್ದೆ. ಮುಟ್ಟಲಿಲ್ಲ.

“ಬಲವಂತ ಮಾಡಿದ್ರಲ್ಲ ಅಂತ ಈಗಲೂ ಸಿಟ್ಟಿದೆ, ಜೆರೂಶಾ. ಆದ್ರೆ ನನ್ನ ಕೊರೆಯೋದು ಅದಲ್ಲ. ಅಷ್ಟು ಜನ, ಒಬ್ಬನೂ ನನ್ನ ಮೈ ಮುಟ್ಟಲಿಲ್ಲ. ರಾಜನ ದಂಡಿನಲ್ಲೂ ಅಂಥ ಶಿಸ್ತು ಕಂಡಿಲ್ಲ ನಾನು. ತಮ್ಮನ್ನ ತಾವೇ ಆಳ್ಕೊಳ್ಳಬಲ್ಲ ಜನ ಕಣೇ ಅವರು. ನಾನು ನೋಡ್ದೆ.”

ಮಧ್ಯಾಹ್ನ ಎದ್ದು ಮೈದಾನಕ್ಕೆ ನಡೆದರು. ರಾಜನ ದಂಡು ಬಂದೀತೆಂದು ಊರ ಗಂಡಸರು ಅಡ್ಡಾದಿಡ್ಡಿಯಾಗಿ ಕವಾಯತು ಮಾಡುತ್ತಿದ್ದರು. “ಹೀಗೆ ನಿಂತ್ರೆ ಮೊದಲ ಗುಂಡಿಗೇ ಸಾಯ್ತೀರಿ,” ಎಂದು ಸಾಲು ಸರಿಪಡಿಸಿದರಂತೆ. ಝೇಡೋಕನ ಹೆಗಲನ್ನೇ ಮೊದಲು ಹಿಡಿದು ನೇರ ಮಾಡಿದರಂತೆ.

ಏಪ್ರಿಲ್ 20, 1775

ಕುದುರೆ ಸವಾರ ಬಂದ. ಲೆಕ್ಸಿಂಗ್ಟನ್‌ನಲ್ಲಿ ರಾಜನ ಸೈನಿಕರು ರೈತರ ಮೇಲೆ ಗುಂಡು ಹಾರಿಸಿದ್ದಾರೆ. ಜೋಥಮ್ ನೀರು ಬೇರೆಡೆ ತಿರುಗಿಸಿ ಗಿರಣಿ ನಿಲ್ಲಿಸಿ ಬಂದು ಬಂದೂಕು ತೆಗೆದುಕೊಂಡ. ಅಪ್ಪನೂ ಹೊರಟು ನಿಂತರು.

“ಈ ಕೆಮ್ಮಿಟ್ಕೊಂಡು ನೀವೆಲ್ಲಿಗಪ್ಪಾ?”

“ನಾನು ಕಲಿಸಿದ ಹುಡುಗರನ್ನ ಸಾಯೋಕೆ ಕಳಿಸಿ ಒಲೆ ಮುಂದೆ ಕೂತ್ಕೊಳ್ಳಲಾ?”

ಮೈದಾನದಲ್ಲಿ ಯಾರೂ ಬೇಡವೆನ್ನಲಿಲ್ಲ. ದಾರಿ ಬಿಟ್ಟು ಮುಂದಕ್ಕೆ ನಿಲ್ಲಿಸಿಕೊಂಡರು.

ಜೂನ್ 22

ಬಾಸ್ಟನ್ ಪಕ್ಕದ ಗುಡ್ಡದ ಮೇಲೆ ದೊಡ್ಡ ಕಾಳಗ. ಪಕ್ಕದೂರಿನವನೊಬ್ಬ ಮರಳಿ ಬಂದು ಹೇಳಿದ: ನಮ್ಮವರು ಹಿಂದೆ ಸರಿಯುವಾಗ ಅಪ್ಪ ಬಿದ್ದರಂತೆ. ಝೇಡೋಕ್ ಗುಂಡಿನ ಮಳೆಯಲ್ಲಿ ಅವರಿಗಾಗಿ ಹಿಂದಕ್ಕೆ ಓಡಿದನಂತೆ. ಆಮೇಲೇನಾಯಿತೋ ಸುದ್ದಿ ತಂದವನಿಗೆ ಗೊತ್ತಿಲ್ಲ. ಜೋಥಮ್ ಬದುಕಿದ್ದಾನೆಯೇ ಎಂದು ಕೇಳಿದೆ. ತಲೆಯಾಡಿಸಿದ. ಹೌದೆಂದೋ, ಇಲ್ಲವೆಂದೋ…

ಜೂನ್ 29

ರೊಟ್ಟಿ ಒಲೆಯಲ್ಲಿದೆ. ತಿರುವಿನಲ್ಲಿ ಎತ್ತಿನ ಗಾಡಿ. ಎತ್ತಿನ ಪಕ್ಕ ನಡೆಯುತ್ತಿರುವವನು ಜೋಥಮ್ — ಅವನೇ, ಆ ನಡಿಗೆ ಬೇರೆಯವರದಲ್ಲ. ಹಿಂದಿನಿಂದ ಗಾಡಿ ನೂಕುತ್ತಿರುವವನು ಝೇಡೋಕ್. ಹುಲ್ಲಿನ ಮೇಲೆ ಯಾರೋ ಮಲಗಿದ್ದಾರೆ, ಮುಖ ಕಾಣದು. ಕಿಟಕಿಯಿಂದಲೇ ಬರೆಯುತ್ತಿದ್ದೇನೆ, ಆ ಮುಖ ಕಾಣುವವರೆಗೆ ಬಾಗಿಲು ತೆಗೆಯಲಾರೆ.

ಯಾರೋ ಬೈಯುತ್ತಿದ್ದಾರೆ. “ಹಳ್ಳ ನೋಡಿ ಹೊಡಿಯೋ, ಕತ್ತೆ! ನನಗಿರೋದು ಒಂದೇ ಬೆನ್ನು!” — ಅಪ್ಪ! ಅಪ್ಪನದೇ ದನಿ, ಜೋಥಮ್ ನಗುತ್ತಿದ್ದಾನೆ, ನಾನು ಹೊರಗೆ —