ನೌಕೆ ಬಂದಾಗ ಪೈಪ್ ಬಡಿಯುವವಳು

ಅಕ್ಕಾ, ನಮ್ಮವರಿಗೆ ಕೊನೆಗೂ ರಜೆ ಸಿಕ್ಕಿತು, ಇಬ್ಬರೂ ಬರುತ್ತಿದ್ದೇವೆ!

ಇಲ್ಲಿ ಸಂಜೆ ಬಾಹ್ಯಾಕಾಶ ನೌಕೆಗಳು ನಮ್ಮ ಟೆರೇಸಿನ ಮೇಲೇ ಹಾದುಹೋಗುತ್ತವೆ, ನಕ್ಷತ್ರವೇ ಎದ್ದು ನಡೆದ ಹಾಗೆ. ಎಷ್ಟು ಚಂದ ಗೊತ್ತಾ! ಆದರೆ ಕೆಳಮನೆಯ ಕನ್ನಡಕದಂಗಡಿಯವಳು ನೌಕೆ ಬಂತೆಂದು ನೀರಿನ ಪೈಪನ್ನು ಮೂರು ಸಲ ಬಡಿದರೆ ಸಾಕು, ಇವರು ನನ್ನ ಕೈ ಬಿಟ್ಟು ಮೇಲೆ ಓಡುತ್ತಾರೆ. ನಿನ್ನೆ ನಾನೇ ಮೊದಲು ಹತ್ತಿ, "ಬಂತು, ಬಂತು!" ಎಂದು ಕೂಗಿದೆ.

"ಅದು ವಿಮಾನ ಕಣಮ್ಮಾ, ಮಿಣಮಿಣ ಅಂತಿದೆ ನೋಡು," ಎಂದು ಅವಳು ನಕ್ಕಳು. ಇವರೂ ನಕ್ಕರು! ಹೊಟ್ಟೆ ಉರಿದುಹೋಯಿತು.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ಗುರುವಾರ ಸಂಜೆ ಎರಡು ನೌಕೆ ಒಂದರ ಹಿಂದೊಂದು ಬರುತ್ತವಂತೆ, ಅವಳು ಇವರಿಗಾಗಿ ಕುರ್ಚಿ ಬೇರೆ ಹಾಕಿಡುತ್ತಾಳಂತೆ. ನಾನು ಹುಡುಕಿ ಹುಡುಕಿ ಅದೇ ಸಂಜೆಗೆ ಟಿಕೆಟ್ ಮಾಡಿಸಿದ್ದೇನೆ. ಶುಕ್ರವಾರ ಬೆಳಗಿನ ಆರೂವರೆ ಪ್ಯಾಸೆಂಜರ್ ಹೊತ್ತಿಗೆ ಸ್ಟೇಷನ್ನಿಗೆ ಬಾ.